ಉಪ್ಪು ಮೊದಲು

ಮಂಡಕ್ಕಿ ಭಟ್ಟಿಗಳ ಹೊಗೆ ಬಂದು ಕೂರುವ ಬೀದಿ, ದಾವಣಗೆರೆ.
ಹಾಲೇಶಣ್ಣನ ಜೆರಾಕ್ಸ್ ಅಂಗಡಿಯ ಹಿಂದೆ
ಒಂದು ಕಂಪ್ಯೂಟರು, ಒಂದು ನಾನು.
ದಿನಾ ಬೂದಿ ಒರೆಸಿಯೇ ಕೆಲಸ ಶುರು.

ವಿದ್ಯಾರ್ಥಿವೇತನಕ್ಕೊಂದು ತಾಣ, ಪಿಂಚಣಿಗೊಂದು,
ಗ್ಯಾಸಿಗೊಂದು, ಕಾರ್ಮಿಕರ ಕಾರ್ಡಿಗೊಂದು.
ಒಂದೊಂದಕ್ಕೂ ಪಾಸ್‌ವರ್ಡು, ಒಂದೊಂದಕ್ಕೂ ಅದರದೇ ಮಡಿ.
ಇಲ್ಲಿ @ ಇಲ್ಲದೆ ಹೊಸಿಲು ದಾಟಿಸರು,
ಅಲ್ಲಿ @ ಸೋಕಿದರೆ ಮೈಲಿಗೆ.
ಅಂಕಿ ಮುಂದೆ ನಿಲ್ಲಬಾರದು.
ಒಂದೇ ಅಕ್ಷರ ಮೂರು ಸಲ ಒತ್ತೊತ್ತಾಗಿ ಕೂತರೆ ಕೆಂಪು ಗೆರೆ.
ಇನ್ನೊಂದಿದೆ, ಬಲು ಮೌನಿ:
ಹದಿನಾರು ಕೊಟ್ಟರೆ ಹನ್ನೆರಡನ್ನಷ್ಟೇ ಇಟ್ಟುಕೊಂಡು
ಮಿಕ್ಕ ನಾಲ್ಕು ನುಂಗಿ
ಮರುದಿನ ‘ತಪ್ಪು’ ಅನ್ನುತ್ತದೆ.

ಅತ್ತೆಮನೆಯ ಹಾಗೆಯೇ.
ಏನು ಮಾಡಬಾರದೆಂದು ಯಾರೂ ಮೊದಲು ಹೇಳುವುದಿಲ್ಲ,
ಮಾಡಿದ ಮೇಲೆ ಎಲ್ಲರೂ ಹೇಳುತ್ತಾರೆ.
ಬೈಸಿಕೊಂಡದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟೆ,
ತಾಣಕ್ಕೊಂದು ಸಾಲು:
ಕನಿಷ್ಠ, ಗರಿಷ್ಠ, ಒಪ್ಪುವ ಚಿಹ್ನೆ, ಒಪ್ಪದ ಚಿಹ್ನೆ.
ಓ ಮತ್ತು ಸೊನ್ನೆ, ಎರಡನ್ನೂ ನಾನೇ ಕಿತ್ತುಹಾಕಿದೆ;
ನನ್ನ ಗಿರಾಕಿಗಳು ಬರೆದುಕೊಳ್ಳುವುದು
ಬೀಡಿ ಕಟ್ಟಿನ ಕಾಗದದ ಬೆನ್ನಿಗೆ.

ಆಮೇಲೆ ಪ್ರೋಗ್ರಾಂ.
ಅಕ್ಷರಗಳನ್ನು ಹೇಗೆಂದರೆ ಹಾಗೆ ಎಸೆ,
ಆ ಸಾಲಿನ ಜರಡಿ ಹಿಡಿ,
ಒಪ್ಪದ್ದು ಉದುರಲಿ, ಮತ್ತೆ ಎಸೆ.
ಉದುರಿದ್ದೂ ಪರದೆಯ ಮೇಲೆ ಕಾಣಲೆಂದು ಬರೆದಿದ್ದೆ.
ಯಾಕೋ. ನೋಡಲು ಚೆನ್ನಾಗಿರುತ್ತಿತ್ತು.

ಮಾಬುನ್ನಿ ಬಂದದ್ದು ಕಾರ್ಮಿಕರ ಕಾರ್ಡಿಗೆ.
ಹೆಬ್ಬೆಟ್ಟಿನ ಯಂತ್ರ ಅವಳನ್ನು ಗುರುತಿಸದು;
ಇಪ್ಪತ್ತೆರಡು ವರ್ಷದ ಕಾದ ಮರಳು
ಬೆರಳ ಗೆರೆಗಳನ್ನು ಒರೆಸಿಬಿಟ್ಟಿದೆ.
ಅದಕ್ಕೇ ಪಾಸ್‌ವರ್ಡಿನ ದಾರಿ.
ಆ ತಾಣವೋ, ಎಂಟೇ ಅಕ್ಷರ,
ನಾಲ್ಕು ಜಾತಿಯಿಂದಲೂ ಎರಡೆರಡು,
ಹೆಚ್ಚಿಲ್ಲ, ಕಡಿಮೆಯಿಲ್ಲ.

‘ದೊಡ್ಡಕ್ಷರ ಅಂದ್ರ?’ ಕೇಳಿದಳು.
ಏನು ಹೇಳಲಿ?
ನಮ್ಮ ಅ ಎಲ್ಲಿ ಕೂತರೂ ಒಂದೇ ಅಳತೆ,
ಹೆಸರಿಗೂ ಅಷ್ಟೇ, ಬೈಗುಳಕ್ಕೂ ಅಷ್ಟೇ.

ಗುಂಡಿ ಒತ್ತಿದೆ. ಸಾಲು ಸಾಲು ಉದುರಿದವು,
ಪರದೆ ತುಂಬಿ ಚೆಲ್ಲಿ, ಮತ್ತೆ ತುಂಬಿ.
ಕಣ್ಣು ಕಿರಿದು ಮಾಡಿ ನೋಡುತ್ತಿದ್ದವಳು ತಡೆಯಲಾರದೆ ಅಂದಳು:
‘ಎಷ್ಟು ಹಾಳು ಮಾಡ್ತಿ ಬೇಟಾ.
ಉಪ್ಪು ಅರಳಿದ ಮ್ಯಾಲೆ ಹಾಕಿದ್ರ ಹತ್ತಂಗಿಲ್ಲ.
ಅಕ್ಕಿಗೇ ಹಚ್ಚಬೇಕು. ಆಮೇಲೆ ಒಲಿ.’

ಕೈ ನಿಂತಿತು.
ಅವಳನ್ನು ಸ್ಟೂಲಿನ ಮೇಲೆ ಕೂರಿಸಿ
ಅಲ್ಲೇ ಅಳಿಸಿ ಬರೆದೆ:
ಬೇಕೇ ಬೇಕಾದ್ದನ್ನು ಮೊದಲು ಆರಿಸು,
ಜಾತಿಗೆ ಎರಡರಂತೆ.
ಆಮೇಲೆ ಕಲಸು,
ಯಾವುದು ಎಲ್ಲಿ ಕೂತಿತೋ ನನಗೂ ತಿಳಿಯದ ಹಾಗೆ.
ಜರಡಿಗೆ ಉಳಿದದ್ದು ಅಂಕಿ ಮುಂದೆ ಬಂತೇ ಎಂಬ ಒಂದೇ ಚಿಂತೆ.
ಎರಡನೇ ಸಲಕ್ಕೇ ಬಂತು. ಗರಿಗರಿ.

ಕೊನೆಯ ನಿಯಮ ಓದಿ ಹೇಳಿದೆ:
ನಿಮ್ಮ ಹೆಸರು ಇದರೊಳಗೆ ಇರಕೂಡದು.
ನಕ್ಕುಬಿಟ್ಟಳು.
‘ಭಟ್ಟಿ ಲೆಕ್ಕದ ಬುಕ್ಕಿನಾಗೂ ಇಲ್ಲ ತಗೋ.
ಅಲ್ಲಿ ನಾನು ನಾಲ್ಕನೇ ಒಲಿ.’

ತೊಂಬತ್ತು ದಿನಕ್ಕೆ ಇದು ಹಳಸುತ್ತದೆ, ಅಂದೆ.
‘ಮಂಡಕ್ಕಿ ಮೆತ್ತಗಾಗಾಕ ಒಂದು ಮಳಿಗಾಳಿ ಸಾಕು,’ ಅಂದಳು,
ಚೀಟಿಯನ್ನು ಎಲೆಯಡಿಕೆ ಚೀಲಕ್ಕೆ ತುರುಕಿ ಹೊರಟಳು.

ಕಡತದ ತುದಿಯಲ್ಲಿ ಒಂದು ಸಾಲು ಸೇರಿಸಿದೆ,
ಯಂತ್ರ ಓದದೆ ಹಾದುಹೋಗುವ ಸಾಲು,
ಮನುಷ್ಯರು ಮನುಷ್ಯರಿಗೆಂದು ಬರೆದಿಡುವುದು:
ಉಪ್ಪಿನ ಲೆಕ್ಕ ಕಲಿಸಿದ್ದು ಮಾಬುನ್ನಿ.

ಮುಂದಿನಿಂದ ಹಾಲೇಶಣ್ಣ ಕೂಗಿದ,
‘ಹತ್ತು ರೂಪಾಯಿ ಇಸ್ಕಂಡ್ಯೇನವ್ವಾ?’
ಮರೆತಿದ್ದೆ.